ಮೀನಿನ ತೊಟ್ಟಿಯ ನೀರು ಕೆಟ್ಟಾಗ: ಮಲೆನಾಡಿನ ಮೆದು ನೀರಿಗೆ ದೋಷ ನಿವಾರಣೆ ಕೈಪಿಡಿ

ನಿನ್ನೆ ಸಂಜೆ ಚುರುಕಾಗಿದ್ದ ಮೀನುಗಳು ಇವತ್ತು ಬೆಳಿಗ್ಗೆ ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿವೆ. ಇಲ್ಲವೇ ಈಜುರೆಕ್ಕೆ ಮುದುಡಿಕೊಂಡು ಮೂಲೆಯಲ್ಲಿ ನಿಂತಿವೆ. ನೀರು ನೋಡಲು ತಿಳಿಯಾಗಿದೆ, ಫಿಲ್ಟರ್ ಓಡುತ್ತಿದೆ. ನೀರಿನ ಹುಳಿ ಅಳೆಯುವ ಪಿಎಚ್ ಪಟ್ಟಿ ಅದ್ದಿದರೆ 6ಕ್ಕಿಂತ ಕೆಳಗೆ, ಅಂದರೆ ಹುಳಿ ಎಂದು ತೋರಿಸುತ್ತದೆ. ಅಂಗಡಿಗೆ ಹೋಗಿ ಪಿಎಚ್ ಏರಿಸುವ ಬಾಟಲಿ ತಂದು ಸುರಿಯುತ್ತಾರೆ, ಮರುದಿನ ಅರ್ಧ ಮೀನು ಸತ್ತಿರುತ್ತವೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯ ಬಾವಿ ನೀರಿನಲ್ಲಿ ಮೀನು ಸಾಕುವವರಿಗೆ ಈ ಸಾವು ಹೊಸದಲ್ಲ.

ಇಲ್ಲಿ ಕೆಟ್ಟಿರುವುದು ಪಿಎಚ್ ಅಲ್ಲ. ಪಿಎಚ್ ಅನ್ನು ಹಿಡಿದು ನಿಲ್ಲಿಸುವ ಕೆಎಚ್ ಮುಗಿದಿದೆ. ಕೆಎಚ್ ಎಂದರೆ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನ ಅಳತೆ, ಅಂದರೆ ಹುಳಿಯನ್ನು ನುಂಗಿಕೊಳ್ಳಲು ನೀರಿಗಿರುವ ಶಕ್ತಿ. ಅದರ 1 ಡಿಗ್ರಿ ಲೀಟರಿಗೆ 17.8 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಸುಣ್ಣದ ಅಂಶ ಕಡಿಮೆ. ಇದ್ದಷ್ಟನ್ನೂ ವರ್ಷವರ್ಷದ ಮಳೆ ತೊಳೆದುಕೊಂಡು ಹೋಗಿದೆ. ಹಾಗಾಗಿ ತೋಡು ಬಾವಿಯ ನೀರಿನ ಕೆಎಚ್ ಎಷ್ಟೋ ಕಡೆ 1–2 ಡಿಗ್ರಿ ಮಾತ್ರ. ಕುಡಿಯಲು ಅಂಥ ನೀರಿಗೆ ಸಾಟಿಯಿಲ್ಲ, ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಮೀನಿನ ತೊಟ್ಟಿಯಲ್ಲಿ ಮಾತ್ರ ಅದು ಗಂಟಿಲ್ಲದೆ ನಡೆಸುವ ಸಂಸಾರದಂತೆ.

ನೀರು ಬದಲಿಸುವ ಮೊದಲು

ಗಾಬರಿಯಲ್ಲಿ ಅರ್ಧ ನೀರು ಚೆಲ್ಲಿಬಿಡಬೇಡಿ. ಮೊದಲು ಏರ್ ಸ್ಟೋನ್ ಹಾಕಿ ಗಾಳಿ ಹೆಚ್ಚಿಸಿ, ಆಹಾರ ನಿಲ್ಲಿಸಿ, ಶುದ್ಧವಾದ ಗಾಜಿನ ಲೋಟದಲ್ಲಿ ತೊಟ್ಟಿಯ ನೀರು 200 ಮಿ.ಲೀ. ಎತ್ತಿಡಿ. ಅಳತೆಗಳನ್ನು ಆ ನೀರಿನಲ್ಲೇ ಮಾಡಬೇಕು. ನೀರು ಬದಲಿಸಿದ ಮೇಲೆ ಅಳೆದರೆ ಏನಾಗಿತ್ತು ಎಂಬುದೇ ತಿಳಿಯುವುದಿಲ್ಲ.

ಬೇಕಾದ ಅಳತೆಗಳು: ಕೆಎಚ್, ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಉಷ್ಣತೆ. ತೊಟ್ಟಿಗೆ ಹಾಕುವ ಮೂಲ ನೀರನ್ನೂ ಅಳೆಯಿರಿ, ಅದೂ ಎರಡು ಸಲ: ಸೇದಿದ ಕೂಡಲೇ ಒಮ್ಮೆ, ಬಕೆಟ್ಟಿನಲ್ಲಿ 24 ಗಂಟೆ ಏರ್ ಸ್ಟೋನ್ ಓಡಿಸಿದ ಮೇಲೆ ಇನ್ನೊಮ್ಮೆ. ನೆಲದೊಳಗಿನ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಆಗಷ್ಟೇ ಸೇದಿದ ಬಾವಿ ನೀರು 5.8 ತೋರಿಸಿ, ಮರುದಿನ 6.8ಕ್ಕೆ ಏರಿದರೆ ಅದು ಗ್ಯಾಸಿನ ಕೆಲಸ, ನೀರಿನ ದೋಷವಲ್ಲ. ಗಾಳಿ ಕೊಟ್ಟ ಮೇಲಿನ ಅಂಕಿಯೇ ನಿಮ್ಮ ನೀರಿನ ನಿಜವಾದ ಪಿಎಚ್.

ಅದ್ದುವ ಪಟ್ಟಿಗಳನ್ನು ನಮ್ಮ ಮಳೆಗಾಲದಲ್ಲಿ ನಂಬುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿ ನಾಲ್ಕು ಸಲ ತೆರೆದರೆ ಸಾಕು, ಥಂಡಿ ಹಿಡಿದು ಬಣ್ಣ ತಪ್ಪಾಗುತ್ತದೆ. ಹನಿ ಹಾಕಿ ನೋಡುವ ದ್ರವದ ಕಿಟ್ ತುಸು ದುಬಾರಿಯಾದರೂ ಅದನ್ನೇ ಕೊಳ್ಳಿ. ನೈಟ್ರೇಟ್ ಕಿಟ್ಟಿನಲ್ಲಿ ತಳದಲ್ಲಿ ಗಷ್ಟು ಕೂರುವ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ ನೈಟ್ರೇಟ್ ಇದ್ದರೂ ಇಲ್ಲವೆಂದೇ ತೋರಿಸುತ್ತದೆ.

ಕೆಎಚ್ ಅಳೆಯುವ ಬಗೆ

ಕಿಟ್ಟಿನ ಚೀಟಿಯಲ್ಲಿ 5 ಮಿ.ಲೀ. ನೀರು ತೆಗೆದುಕೊಳ್ಳಿ, ಒಂದು ಹನಿಗೆ 1 ಡಿಗ್ರಿ ಎಂದಿರುತ್ತದೆ. ಗಡಸು ನೀರಿನವರಿಗೆ ಅದು ಸರಿ. ನಮ್ಮ ನೀರಿನಲ್ಲಿ ಮೊದಲ ಹನಿಗೇ ಬಣ್ಣ ತಿರುಗಿಬಿಡುತ್ತದೆ. ಆಗ ಕೆಎಚ್ 1 ಇದೆಯೋ 0.2 ಇದೆಯೋ ಗೊತ್ತಾಗುವುದಿಲ್ಲ. ನಾಲ್ಕು ಪಟ್ಟು, ಅಂದರೆ 20 ಮಿ.ಲೀ. ನೀರು ತೆಗೆದುಕೊಳ್ಳಿ. ಆಗ ಒಂದು ಹನಿ ಎಂದರೆ ಕಾಲು ಡಿಗ್ರಿ.

ಸಣ್ಣ ಗಾಜಿನ ಲೋಟವನ್ನು ಬಿಳಿ ಹಾಳೆಯ ಮೇಲೆ ಕಿಟಕಿಯ ಬೆಳಕಿಗೆ ಇಡಿ. ಬಾಟಲಿಯನ್ನು ನೇರ ತಲೆಕೆಳಗಾಗಿ ಹಿಡಿಯಿರಿ, ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ಒಂದು ಹನಿ ಬಿದ್ದಾಗ ನೀರಿಗೆ ತೆಳು ನೀಲಿ ಬರುತ್ತದೆ. ಲೋಟ ತಿರುಗಿಸಿ, ಇನ್ನೊಂದು ಹನಿ ಹಾಕಿ. ನೀಲಿ ಮಾಸಿ ಹಸಿರಾಗಿ, ಆಮೇಲೆ ನಿಂಬೆ ಹಳದಿಯಾಗಿ ನಿಂತ ಹನಿಯವರೆಗೆ ಎಣಿಸಿ. ಆರು ಹನಿಯಾದರೆ ಒಂದೂವರೆ ಡಿಗ್ರಿ. ಮೊದಲ ಹನಿಗೇ ನೀಲಿ ಕಾಣದೆ ಹಳದಿಯಾದರೆ ತೊಟ್ಟಿಯಲ್ಲಿ ಕೆಎಚ್ ಇಲ್ಲವೇ ಇಲ್ಲ ಎಂದು ತಿಳಿಯಿರಿ.

ಕೆಎಚ್ ಕಿಟ್ ಸಿಗದಿದ್ದರೆ ಕುಡಿಯುವ ನೀರಿಗೆ ಬಳಸುವ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಗಳ ಅಳತೆ) ಪೆನ್ನಿನಿಂದ ಒಂದು ಸುಳಿವು ಸಿಗುತ್ತದೆ. ಬಾವಿ ನೀರಿನ ಟಿಡಿಎಸ್ 50ರ ಒಳಗಿದ್ದರೆ ಕೆಎಚ್ 2ನ್ನು ದಾಟಿರುವುದು ಕಷ್ಟ. ಟಿಡಿಎಸ್ ಹೆಚ್ಚಿದ್ದರೆ ಮಾತ್ರ ಏನೂ ಹೇಳಲಾಗದು, ಉಪ್ಪೂ ಅಂಕಿ ಏರಿಸುತ್ತದೆ.

ಪಿಎಚ್ ಕುಸಿದ ತೊಟ್ಟಿ

ತೊಟ್ಟಿಯಲ್ಲಿ ಕೆಎಚ್ 0–0.5, ಪಿಎಚ್ 6ಕ್ಕಿಂತ ಕೆಳಗೆ, ಅಮೋನಿಯಾ ಲೀಟರಿಗೆ 2ರಿಂದ 4 ಮಿ.ಗ್ರಾಂ ಅಥವಾ ಹೆಚ್ಚು, ನೈಟ್ರೈಟ್ ಸೊನ್ನೆ, ಮೂಲ ನೀರಿನ ಕೆಎಚ್ 1–2. ಈ ಅಂಕಿಗಳು ಒಟ್ಟಿಗೆ ಬಂದರೆ ದೋಷ ಸಿಕ್ಕಿತು.

ಆಗಿದ್ದಿಷ್ಟು. ಮೀನಿನ ಹೊಲಸು, ಉಳಿದ ಆಹಾರ ಅಮೋನಿಯಾ ಆಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಹುಳಿ ಹುಟ್ಟುತ್ತದೆ. ಅಮೋನಿಯಾದ 1 ಮಿ.ಗ್ರಾಂ ಸಾರಜನಕ ನೈಟ್ರೇಟ್ ಆಗಲು ಸುಮಾರು 7 ಮಿ.ಗ್ರಾಂ ಕ್ಷಾರತೆ (ಕೆಎಚ್ ಅನ್ನೇ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳಿದ್ದು) ಖರ್ಚು. ಅಂದಾಜಿಗೆ ಲೆಕ್ಕ ಹಾಕಿ ನೋಡಿ: 100 ಲೀಟರ್ ತೊಟ್ಟಿಗೆ ದಿನಕ್ಕೆ 1 ಗ್ರಾಂ ಆಹಾರ, ಅದರಲ್ಲಿ 40% ಪ್ರೋಟೀನ್ ಇದ್ದರೆ ಸಾರಜನಕ 64 ಮಿ.ಗ್ರಾಂ. ಅದರಲ್ಲಿ 40 ಮಿ.ಗ್ರಾಂ ಅಮೋನಿಯಾ ಆದರೂ 280 ಮಿ.ಗ್ರಾಂ ಕ್ಷಾರತೆ ಹೋಗುತ್ತದೆ, ಅಂದರೆ ದಿನಕ್ಕೆ 0.15 ಡಿಗ್ರಿ. ಕೆಎಚ್ 1 ಇರುವ ನೀರು ಒಂದು ವಾರ ಬಂದೀತು. ಹಳ್ಳಿಗೆ ಹೋಗಿ ಎರಡು ವಾರ ನೀರು ಬದಲಿಸದೆ ಬಿಟ್ಟರೆ ತಿಳಿಯಾದ ನೀರಿನೊಳಗೇ ಗಂಟು ಖಾಲಿಯಾಗಿರುತ್ತದೆ. ಗಿಡಗಳು ಚೆನ್ನಾಗಿ ಬೆಳೆದ ತೊಟ್ಟಿಯಲ್ಲಿ ಖರ್ಚು ಇಷ್ಟಿರುವುದಿಲ್ಲ, ಗಿಡ ನೈಟ್ರೇಟ್ ಹೀರಿದಾಗ ಸ್ವಲ್ಪ ಕ್ಷಾರತೆ ಹಿಂದಿರುಗುತ್ತದೆ.

ಪಿಎಚ್ 6.5ಕ್ಕಿಂತ ಇಳಿದಂತೆ ಬ್ಯಾಕ್ಟೀರಿಯಾ ನಿಧಾನವಾಗುತ್ತವೆ, 6ರ ಹತ್ತಿರ ಕೆಲಸ ಬಹುಮಟ್ಟಿಗೆ ನಿಂತೇಹೋಗುತ್ತದೆ. ಅಮೋನಿಯಾ ಶೇಖರವಾಗುತ್ತದೆ. ಆದರೂ ಮೀನು ಬದುಕಿರುತ್ತವೆ, ಏಕೆಂದರೆ ಹುಳಿ ನೀರಿನಲ್ಲಿ ಅದು ಬಹುತೇಕ ಅಮೋನಿಯಂ ರೂಪದಲ್ಲಿರುತ್ತದೆ. ಮೀನನ್ನು ಕೊಲ್ಲುವುದು ಅಮೋನಿಯಂ ಅಲ್ಲ, ಕಿವಿರಿನ ಮೂಲಕ ನುಗ್ಗುವ ಮುಕ್ತ ಅಮೋನಿಯಾ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 5.8 ಇದ್ದರೆ ಒಟ್ಟು ಅಮೋನಿಯಾದಲ್ಲಿ ಮುಕ್ತವಾಗಿರುವುದು 0.04%ಕ್ಕೂ ಕಡಿಮೆ. ಪಿಎಚ್ 7.8ಕ್ಕೆ ಏರಿದರೆ ಸುಮಾರು 3.4%. ಕಿಟ್ ಎರಡರಲ್ಲೂ 4 ಎಂದೇ ತೋರಿಸುತ್ತದೆ, ಮೀನಿಗೆ ಮಾತ್ರ ವಿಷ ನೂರು ಪಟ್ಟು ಹೆಚ್ಚಾಗಿರುತ್ತದೆ. ಲೀಟರಿಗೆ 0.05 ಮಿ.ಗ್ರಾಂ ಮುಕ್ತ ಅಮೋನಿಯಾ ದಾಟಿದರೆ ಕಿವಿರು ಸುಡುತ್ತದೆ. ಈಗ ಲೆಕ್ಕ 0.14ಕ್ಕೆ ಹೋಯಿತು.

ಪಿಎಚ್ ಬಾಟಲಿ ಸುರಿದ ರಾತ್ರಿ ಮೀನು ಸಾಯುವುದು ಇದರಿಂದ. ಪಕ್ಕದ ಮನೆಯ ಗಡಸು ಬೋರ್ ನೀರು ತಂದು ಅರ್ಧ ತೊಟ್ಟಿ ತುಂಬಿಸಿದರೂ ಇದೇ ಗತಿ. ಒಳ್ಳೆಯದಾಗಲಿ ಎಂದು ಮಾಡಿದ ಕೆಲಸವೇ ಕೊಲ್ಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಕ್ರಮ ತಪ್ಪಿಸಬೇಡಿ: ಮೊದಲು ಅಮೋನಿಯಾ ಇಳಿಸಬೇಕು, ಆಮೇಲೆ ಕೆಎಚ್ ಏರಿಸಬೇಕು.

ಮೊದಲ ಎರಡು ದಿನ: ಒಂದು ದಿನ ಗಾಳಿ ಕೊಟ್ಟಿಟ್ಟ ನಿಮ್ಮದೇ ಮೆದು ಬಾವಿ ನೀರಿನಿಂದ ಬೆಳಿಗ್ಗೆ ಕಾಲು ಭಾಗ, ಸಂಜೆ ಕಾಲು ಭಾಗ ಬದಲಿಸಿ. ಎರಡು ದಿನದಲ್ಲಿ ನಾಲ್ಕು ಸಲ ಮಾಡಿದರೆ 4 ಇದ್ದ ಅಮೋನಿಯಾ 1.3ರ ಹತ್ತಿರ ಬರುತ್ತದೆ. ಪ್ರತಿ ಸಲವೂ ಪಿಎಚ್ ನೋಡಿ. 6.5 ದಾಟುತ್ತಿದೆ ಎನಿಸಿದರೆ ಭಾಗ ಕಡಿಮೆ ಮಾಡಿ. ಆಹಾರ ಬೇಡ, ಮೂರು ದಿನ ಉಪವಾಸ ಇದ್ದರೆ ಮೀನಿಗೇನೂ ಆಗುವುದಿಲ್ಲ.

ಅಮೋನಿಯಾ 1ಕ್ಕೆ ಇಳಿದ ಮೇಲೆ: ಅಡುಗೆ ಸೋಡಾ. 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. ಚಿನ್ನ ತೂಗುವಂಥ ಸಣ್ಣ ತಕ್ಕಡಿ ಇಲ್ಲದಿದ್ದರೆ ಚಹಾ ಚಮಚದಲ್ಲಿ ಮಟ್ಟಸವಾಗಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗಿಸಿ ಅರ್ಧ ಗಂಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಫಿಲ್ಟರಿನ ನೀರು ಬೀಳುವ ಜಾಗಕ್ಕೆ ಹೊಯ್ಯಿರಿ. ದಿನಕ್ಕೆ 1 ಡಿಗ್ರಿಗಿಂತ ಹೆಚ್ಚು ಬೇಡ, 3–4 ಡಿಗ್ರಿಗೆ ನಿಲ್ಲಿಸಿ. ತೊಟ್ಟಿಯ ಲೀಟರ್ ಲೆಕ್ಕ ಸರಿಯಾಗಿರಲಿ: 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಗೆ 57 ಲೀಟರ್ ಎನ್ನುತ್ತಾರೆ. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು 45 ಲೀಟರ್ ಸಿಕ್ಕರೆ ಹೆಚ್ಚು.

ಅಮೋನಿಯಾ ಹಿಡಿದಿಡುವ ವಾಟರ್ ಕಂಡೀಷನರ್ ಸಿಕ್ಕರೆ ಈ ದಿನಗಳಲ್ಲಿ ಬಳಸಿ. ಕಿಟ್ಟಿನಲ್ಲಿ ಅಂಕಿ ಇಳಿಯಲಿಲ್ಲವೆಂದು ಮತ್ತೆ ಮತ್ತೆ ಹಾಕಬೇಡಿ, ಹಿಡಿದಿಟ್ಟ ಅಮೋನಿಯಾವನ್ನೂ ಹಲವು ಕಿಟ್‌ಗಳು ತೋರಿಸುತ್ತವೆ. ಮತ್ತೊಬ್ಬರ ಆರೋಗ್ಯವಂತ ತೊಟ್ಟಿಯ ಸ್ಪಂಜ್ ಹಿಂಡಿದ ಕೆಸರು ನೀರು ಒಂದು ಲೋಟ ಸಿಕ್ಕರೆ ಯಾವ ಬ್ಯಾಕ್ಟೀರಿಯಾ ಬಾಟಲಿಗಿಂತಲೂ ಮೇಲು.

ಮುಂದಕ್ಕೆ ಸೋಡಾ ಹಾಕುತ್ತಲೇ ಕೂರಬೇಕಿಲ್ಲ. ಪುಡಿ ಮಾಡಿದ ಹವಳ ಅಥವಾ ಕರಾವಳಿಯಿಂದ ಬರುವ ಸಮುದ್ರದ ಚಿಪ್ಪನ್ನು ತೊಳೆದು ಕುಟ್ಟಿ, 100 ಲೀಟರಿಗೆ 100 ಗ್ರಾಂನಂತೆ ಬಲೆಯ ಚೀಲದಲ್ಲಿ ಫಿಲ್ಟರಿನೊಳಗೆ ಇಡಿ. ನೀರು ಹುಳಿಯಾದಾಗ ಬೇಗ ಕರಗುತ್ತದೆ, ಪಿಎಚ್ 7.5ರ ಮೇಲೆ ಹೆಚ್ಚುಕಡಿಮೆ ನಿಲ್ಲುತ್ತದೆ. ತನ್ನನ್ನು ತಾನೇ ಹಿಡಿತದಲ್ಲಿಟ್ಟುಕೊಳ್ಳುವ ಉಪಾಯ ಇದು. ಕ್ಯಾಲ್ಸಿಯಂ ಸಹ ಸೇರುವುದರಿಂದ ಜಿಎಚ್, ಅಂದರೆ ನೀರಿನ ಒಟ್ಟು ಗಡಸುತನ, ಏರುತ್ತದೆ. ಸೋಡಾದಲ್ಲಿ ಆ ಗುಣ ಇಲ್ಲ. ಎಲೆ ಅಡಿಕೆಯ ತಟ್ಟೆಯ ಸುಣ್ಣವೂ ಚಿಪ್ಪಿನದೇ ಅಲ್ಲವೇ ಎಂದು ಅದನ್ನು ಕದಡಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಸುಟ್ಟ ಚಿಪ್ಪಿನ ಸುಣ್ಣ ಚಿಟಿಕೆಯಷ್ಟು ಬಿದ್ದರೂ ಮೆದು ನೀರಿನ ಪಿಎಚ್ ಕ್ಷಣದಲ್ಲಿ 9 ದಾಟುತ್ತದೆ.

ಪಿಎಚ್ ಸರಿ ಇದ್ದೂ ಅಮೋನಿಯಾ ಇದ್ದರೆ

ಕೆಎಚ್ 3, ಪಿಎಚ್ 7.2 ಇದ್ದು ಅಮೋನಿಯಾ ಅಥವಾ ನೈಟ್ರೈಟ್ ಕಂಡರೆ ಬ್ಯಾಕ್ಟೀರಿಯಾ ಸಾಲದು ಎಂದರ್ಥ. ಹೊಸ ತೊಟ್ಟಿಗೆ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ತೊಟ್ಟಿಯಾದರೆ ಫಿಲ್ಟರ್ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದಿದ್ದೀರಾ ಎಂದು ನೆನಪಿಸಿಕೊಳ್ಳಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ಅದೂ ಹರಿವು ಕಡಿಮೆಯಾದಾಗ ಮಾತ್ರ. ಮರಳಿನಡಿ ಸತ್ತ ಮೀನು, ಬಸವನಹುಳು ಸಿಕ್ಕಿಕೊಂಡಿದೆಯೇ ನೋಡಿ.

ನೈಟ್ರೈಟ್ ಏರಿದರೆ ಮೀನಿನ ರಕ್ತ ಆಮ್ಲಜನಕ ಹೊರಲಾರದು, ಕಿವಿರು ಕಂದು ತಿರುಗುತ್ತದೆ. 100 ಲೀಟರಿಗೆ 50 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ದಾರಿ ಬಿಡುವುದಿಲ್ಲ. ಇದರೊಂದಿಗೆ ದಿನಕ್ಕೆ ಕಾಲು ಭಾಗ ನೀರು ಬದಲಿಸಿ, ತೆಗೆದ ನೀರಿನ ಲೆಕ್ಕಕ್ಕೆ ಮಾತ್ರ ಮತ್ತೆ ಉಪ್ಪು ಸೇರಿಸಿ.

ಬಾವಿ, ನಲ್ಲಿ, ಮಳೆ, ಬೋರ್

ಮಳೆಗಾಲದ ಆರಂಭದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ರೂಢಿ. 1000 ಲೀಟರಿಗೆ 2.5 ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 0.7 ಮಿ.ಗ್ರಾಂ ಕ್ಲೋರಿನ್. ಎಷ್ಟೋ ಸಲ ಅಳತೆ ಇಲ್ಲದೆ ಹಿಡಿಗಟ್ಟಲೆ ಬೀಳುತ್ತದೆ. ಹಾಕಿದ ದಿನ ತಿಳಿದುಕೊಂಡು ಮೂರ‍್ನಾಲ್ಕು ದಿನ ಆ ನೀರು ಮುಟ್ಟಬೇಡಿ. ಶಿವಮೊಗ್ಗ ಪೇಟೆಯ ನಲ್ಲಿಯಲ್ಲಿ ಬರುವ ತುಂಗೆಯ ನೀರಿಗೂ ಕ್ಲೋರಿನ್ ಇರುತ್ತದೆ. ಹೊಳೆ ಕೆಂಪಾಗಿ ಹರಿಯುವ ಜುಲೈ, ಆಗಸ್ಟ್‌ನಲ್ಲಿ ಮಣ್ಣು ತಳ ಕೂರಿಸಲು ಪಟಿಕ ಹೆಚ್ಚು ಬೇಕಾಗುತ್ತದೆ. 1 ಮಿ.ಗ್ರಾಂ ಪಟಿಕ ಅರ್ಧ ಮಿ.ಗ್ರಾಂ ಕ್ಷಾರತೆ ತಿನ್ನುವುದರಿಂದ, ಬೇಸಿಗೆಯಲ್ಲಿ ಅಳೆದ ಕೆಎಚ್ ಮಳೆಗಾಲಕ್ಕೆ ಹೊಂದುವುದಿಲ್ಲ.

ಕ್ಲೋರಿನ್ ತೆಗೆಯಲು ಬಕೆಟ್ಟಿನಲ್ಲಿ ಒಂದು ದಿನ ಗಾಳಿ ಕೊಟ್ಟರೆ ಸಾಕು. ಅವಸರವಿದ್ದರೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್: 10 ಗ್ರಾಂ ಹರಳನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿಟ್ಟು, 10 ಲೀಟರ್ ನೀರಿಗೆ 1 ಮಿ.ಲೀ. ಹಾಕಿ. ಲೀಟರಿಗೆ 1.4 ಮಿ.ಗ್ರಾಂವರೆಗಿನ ಕ್ಲೋರಿನ್‌ಗೆ ಇದು ಸಾಲುತ್ತದೆ.

ಸೇದಿದಾಗ ತಿಳಿಯಾಗಿದ್ದು, ಇಟ್ಟು ಕೆಲವು ಗಂಟೆಗೆ ಕೆಂಬಣ್ಣ ತಿರುಗಿ ಮೇಲೆ ಎಣ್ಣೆಯಂಥ ಪೊರೆ ಕಟ್ಟುವ ನೀರಿನಲ್ಲಿ ಕಬ್ಬಿಣವಿದೆ. ತೊಟ್ಟಿಯೊಳಗೇ ಅದು ಕೂತರೆ ಕಿವಿರಿಗೆ ಅಂಟುತ್ತದೆ. ಒಂದು ದಿನ ಗಾಳಿ ಕೊಟ್ಟು, ಇನ್ನೊಂದು ದಿನ ಅಲುಗಿಸದೆ ಬಿಟ್ಟು, ಮೇಲಿನ ಮುಕ್ಕಾಲು ನೀರನ್ನು ಮಾತ್ರ ಪೈಪಿನಿಂದ ಎಳೆದುಕೊಳ್ಳಿ.

ಮಳೆ ನೀರಿನಲ್ಲಿ ಕೆಎಚ್ ಸೊನ್ನೆ. ಅದನ್ನೊಂದನ್ನೇ ತುಂಬಿಸಿದರೆ ಮೇಲೆ ಹೇಳಿದ ಕುಸಿತ ಇನ್ನೂ ಬೇಗ ಬರುತ್ತದೆ. ಹೊಸ ಸಿಮೆಂಟ್ ತೊಟ್ಟಿಯಲ್ಲಿ ಹಿಡಿದಿಟ್ಟರೆ ತಿರುಗುಮುರುಗು, ಸಿಮೆಂಟಿನ ಸುಣ್ಣ ಬಿಟ್ಟುಕೊಂಡು ಪಿಎಚ್ 9ರ ಮೇಲೆ ಹೋಗುತ್ತದೆ. ಶಿಕಾರಿಪುರದ ಬಯಲು ಕಡೆಯ ಬೋರ್ ನೀರು ಸಾಮಾನ್ಯವಾಗಿ ಗಡಸು. ಅಲ್ಲಿಯವರು ಮಳೆ ನೀರು ಬೆರೆಸಿಕೊಂಡರೆ ಎರಡೂ ನೀರಿನ ಕೊರತೆ ತುಂಬುತ್ತದೆ.

ಕಿಟ್ ತೋರಿಸದ ವಿಷ: ತಾಮ್ರ

ಎಲ್ಲ ಅಂಕಿ ಸರಿಯಿದೆ, ಆದರೆ ಮೊದಲು ಸಿಗಡಿ, ಆಮೇಲೆ ಬಸವನಹುಳು ಸಾಯುತ್ತಿವೆ, ಈಗ ಮೀನು ಮೈಗೆ ಲೋಳೆ ಸುರಿಸಿಕೊಂಡು ಒದ್ದಾಡುತ್ತಿವೆ. ಹೀಗಾದರೆ ತಾಮ್ರವನ್ನು ಸಂಶಯಿಸಿ. ಮುಂಗಾರು ಹಿಡಿಯುವ ಹೊತ್ತಿಗೆ ಅಡಿಕೆ ತೋಟದಲ್ಲಿ ಕೊಳೆ ಔಷಧಿ ಹೊಡೆಯುತ್ತಾರೆ, ಸುಮಾರು 40–45 ದಿನ ಬಿಟ್ಟು ಮತ್ತೊಮ್ಮೆ. 1% ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಗಾಳಿಗೆ ತೇಲಿ ಬಂದದ್ದು ಹಂಚಿನ ಮೇಲೆ ಕೂರುತ್ತದೆ, ಮುಂದಿನ ಮಳೆಗೆ ನಿಮ್ಮ ಡ್ರಮ್ಮಿಗೆ ಇಳಿಯುತ್ತದೆ. ತೋಟದೊಳಗಿನ ತಗ್ಗಿನ ಬಾವಿಗೂ ಹರಿದು ಸೇರುತ್ತದೆ. ಔಷಧಿ ಕಲಸಿದ ಡ್ರಮ್ ಎಷ್ಟು ತೊಳೆದರೂ ಮೀನಿನ ನೀರಿಗೆ ಒಗ್ಗದು.

ಮೆದು ನೀರಿನಲ್ಲಿ ತಾಮ್ರದ ಪೆಟ್ಟು ಹೆಚ್ಚು, ತಡೆಯಲು ಕ್ಯಾಲ್ಸಿಯಂ ಆಗಲಿ ಕ್ಷಾರತೆಯಾಗಲಿ ಇರುವುದಿಲ್ಲ. ಲೀಟರಿಗೆ 0.05 ಮಿ.ಗ್ರಾಂ ತಾಮ್ರವೂ ಸಿಗಡಿಗೆ ಅಪಾಯ. ಇನ್ನೊಂದು ಮೂಲ ಬಚ್ಚಲಲ್ಲೇ ಇದೆ. ಚಳಿಗಾಲದಲ್ಲಿ ತೊಟ್ಟಿಯ ನೀರು ಬೆಚ್ಚಗಾಗಲೆಂದು ತಾಮ್ರದ ಹಂಡೆಯ ಬಿಸಿನೀರು ಬೆರೆಸುತ್ತಾರೆ. ರಾತ್ರಿಯೆಲ್ಲ ಹಂಡೆಯಲ್ಲಿ ಕೂತ ಹುಳಿ ಮೆದು ನೀರು ತಾಮ್ರ ಬಿಡಿಸಿಕೊಂಡೇ ಬರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ.

ತಾಮ್ರ ಸೇರಿದೆ ಎನಿಸಿದರೆ ಬೇರೆ ಮೂಲದ ನೀರಿನಿಂದ ದಿನಕ್ಕೆ ಮೂರನೇ ಒಂದು ಭಾಗ ಬದಲಿಸಿ, 100 ಲೀಟರಿಗೆ 200 ಗ್ರಾಂ ಸಕ್ರಿಯ ಇದ್ದಿಲನ್ನು ಫಿಲ್ಟರಿನಲ್ಲಿಟ್ಟು ವಾರಕ್ಕೊಮ್ಮೆ ಹೊಸದು ಹಾಕಿ. ಭಾರಲೋಹ ಹಿಡಿದಿಡುವ ಕಂಡೀಷನರ್ ಜೊತೆಗಿದ್ದರೆ ಒಳ್ಳೆಯದು. ಅಮೋನಿಯಾ ಸೊನ್ನೆ ಇದ್ದರೆ ಮಾತ್ರ ಗಡಸು ನೀರು ಬೆರೆಸಿ.

ಕರೆಂಟ್ ಮತ್ತು ಚಳಿ

ಗಾಳಿಮಳೆಗೆ ಮರ ಬಿದ್ದು ಕರೆಂಟ್ ದಿನಗಟ್ಟಲೆ ಬಾರದಿದ್ದರೆ, ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನೊಳಗೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಕರೆಂಟ್ ಬಂದ ಕೂಡಲೇ ಸ್ವಿಚ್ ಹಾಕಿದರೆ ಒಳಗಿನ ಕೊಳೆತ ನೀರೆಲ್ಲ ತೊಟ್ಟಿಗೆ ಬರುತ್ತದೆ. ಮೊದಲು ಬಿಚ್ಚಿ ಆ ನೀರು ಚೆಲ್ಲಿ. ಬ್ಯಾಟರಿಯ ಏರ್ ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್ ನಮ್ಮೂರಿನ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು.

ಡಿಸೆಂಬರ್, ಜನವರಿಯ ಬೆಳಗಿನ ಜಾವ ನೀರು 20 ಡಿಗ್ರಿಗಿಂತ ಇಳಿದರೆ ಬ್ಯಾಕ್ಟೀರಿಯಾವೂ ಮಂದವಾಗುತ್ತವೆ. ಲೀಟರಿಗೆ 1 ವ್ಯಾಟ್ ಲೆಕ್ಕದ ಹೀಟರ್ ಇಡಿ, ಇಲ್ಲವಾದರೆ ಆಹಾರವನ್ನು ಅರ್ಧಕ್ಕಿಳಿಸಿ.

ಮೆದು ನೀರಿಗೆ ಟೆಟ್ರಾ, ಬಾರ್ಬ್, ಗೌರಾಮಿ ಚೆನ್ನಾಗಿ ಒಗ್ಗುತ್ತವೆ, ಅವಕ್ಕೆ ಕೆಎಚ್ 2–3 ಇದ್ದರೆ ಸಾಕು. ಮೋಲಿ, ಗಪ್ಪಿ ಜಾಗ ಬಿಡದೆ ಮೈ ತೂಗುತ್ತಾ ನಿಂತರೆ ಅವಕ್ಕೆ ಕ್ಯಾಲ್ಸಿಯಂ ಸಾಲದೆಂದು ತಿಳಿಯಿರಿ, ಚಿಪ್ಪಿನ ಚೀಲವನ್ನು ಒಂದೂವರೆ ಪಟ್ಟು ಮಾಡಿ. ಬಾವಿ ತಳ ಕಾಣುವ ಮಾರ್ಚ್, ಏಪ್ರಿಲ್‌ನಲ್ಲಿ ಒಮ್ಮೆ, ಆರಿದ್ರಾ ಮಳೆಗೆ ಬಾವಿ ತುಂಬಿದ ಮೇಲೆ ಇನ್ನೊಮ್ಮೆ ಮೂಲ ನೀರಿನ ಕೆಎಚ್ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡರ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಚೀಲದ ತೂಕವನ್ನು ಅದಕ್ಕೆ ತಕ್ಕಂತೆ ಬದಲಿಸಿ.